ಗೇಣಿ ಮತ್ತು ಬಾಡಿಗೆ: ದರ ನಿಯಂತ್ರಣದ ಆಡಳಿತವನ್ನು ಕುರಿತು ಒಂದು ವಿವೇಚನೆ
(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ)

1. ಪೀಠಿಕೆ

ಪರರ ಭೂಮಿಯನ್ನು ಉತ್ತು ಬದುಕುವವನು ಕೊಡತಕ್ಕದ್ದು ಗೇಣಿ. ಪರರ ಮನೆಯಲ್ಲಿ ವಾಸಮಾಡುವವನು ಕೊಡತಕ್ಕದ್ದು ಬಾಡಿಗೆ. ನಮ್ಮ ಭಾಷೆಯಲ್ಲಿ ಇವಕ್ಕೆ ಎರಡು ಹೆಸರುಗಳಿರುವುದರಿಂದ, ಗೇಣಿಯನ್ನು ಕೃಷಿಚರಿತ್ರೆಯ ವಿಷಯವೆಂದೂ ಬಾಡಿಗೆಯನ್ನು ನಗರಾಡಳಿತದ ವಿಷಯವೆಂದೂ ಬೇರೆ ಬೇರೆಯಾಗಿ ನೋಡುವುದು ವಾಡಿಕೆಯಾಗಿದೆ. ಆದರೆ ಎರಡರ ತಳದಲ್ಲಿಯೂ ಇರುವ ಪ್ರಶ್ನೆ ಒಂದೇ. ತನ್ನದಲ್ಲದ ಆಸ್ತಿಯನ್ನು ಆಶ್ರಯಿಸಿದ ಮನುಷ್ಯನು ಒಡೆಯನಿಗೆ ಎಷ್ಟು ಕೊಡಬೇಕು, ಎಲ್ಲಿಯವರೆಗೆ ಅಲ್ಲಿ ಇರಬಹುದು, ಇವೆರಡನ್ನೂ ನಿರ್ಣಯಿಸುವವರು ಯಾರು?

ಇಪ್ಪತ್ತನೆಯ ಶತಮಾನದಲ್ಲಿ ಅನೇಕ ದೇಶಗಳ ಸರ್ಕಾರಗಳು ಈ ನಿರ್ಣಯವನ್ನು ಪೂರ್ತಿಯಾಗಿ ಪೇಟೆಯ ಏರಿಳಿತಕ್ಕೆ ಬಿಡದೆ ತಮ್ಮ ಕೈಗೆ ತೆಗೆದುಕೊಂಡವು. ಈ ವಿಷಯವನ್ನು ಕುರಿತ ಚರ್ಚೆಯೆಲ್ಲ ಸಾಮಾನ್ಯವಾಗಿ ದರವನ್ನು ನಿಯಂತ್ರಿಸುವುದು ಸರಿಯೋ ತಪ್ಪೋ ಎಂಬುದರ ಸುತ್ತ ನಡೆಯುತ್ತದೆ. ಪ್ರಕೃತ ಲೇಖನದ ಉದ್ದೇಶ ಬೇರೆ. ಶಾಸನವು ದರವನ್ನು ಗೊತ್ತುಪಡಿಸಿದ ಮೇಲೆ ಅದನ್ನು ನಡೆಸುವ ಕಚೇರಿಯಲ್ಲಿ ಏನು ನಡೆಯುತ್ತದೆ, ರಕ್ಷಣೆಯು ಯಾರನ್ನು ಮುಟ್ಟುತ್ತದೆ, ಯಾರನ್ನು ಮುಟ್ಟದೆ ಉಳಿಯುತ್ತದೆ ಎಂಬುದನ್ನು ಇಲ್ಲಿ ಸ್ಥೂಲವಾಗಿ ಪರಿಶೀಲಿಸಲಾಗಿದೆ. ಇದಕ್ಕೆ ಆಧಾರವಾಗಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಗೇಣಿಯ ಚರಿತ್ರೆಯನ್ನೂ ಮೈಸೂರು ರಾಜ್ಯದ ನಗರಗಳ ಬಾಡಿಗೆ ನಿಯಂತ್ರಣದ ಚರಿತ್ರೆಯನ್ನೂ ಜೊತೆಜೊತೆಯಾಗಿ ಇರಿಸಿಕೊಳ್ಳಲಾಗಿದೆ. ದರದ ನಿಯಂತ್ರಣವು ಬಾಳುವುದೂ ಕೆಡುವುದೂ ಮೂರು ಕೆಲಸಗಳನ್ನು ಅವಲಂಬಿಸಿದೆಯೆಂಬುದು ಈ ಲೇಖನದ ಪ್ರತಿಪಾದನೆ: ಒಂದು, ದಾಖಲೆ, ಎರಡು, ಕಾಲಕಾಲಕ್ಕೆ ದರದ ಪರಿಷ್ಕರಣೆ, ಮೂರು, ಬಡವನಿಗೂ ಎಟುಕುವ ನ್ಯಾಯಸ್ಥಾನ.

2. ಹಳೆಯ ಮಾದರಿ: ಶಿವಪ್ಪನಾಯಕನ ಶಿಸ್ತು

ಮಲೆನಾಡಿಗೆ ದರವನ್ನು ಗೊತ್ತುಪಡಿಸುವ ಕಲ್ಪನೆ ಹೊಸದಲ್ಲ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕನು ಏರ್ಪಡಿಸಿದ ಕಂದಾಯದ ಕ್ರಮವು 'ಶಿಸ್ತು' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಪ್ರತಿ ಗ್ರಾಮದಲ್ಲಿಯೂ ಒಂದೊಂದು ಬಗೆಯ ಭೂಮಿಯಿಂದ ಒಂದೊಂದು ಗದ್ದೆಯನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಅರಸನ ಲೆಕ್ಕದಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗಲಿದ ವೆಚ್ಚ, ಬಂದ ಫಸಲು ಇವುಗಳ ಲೆಕ್ಕವಿಡಿಸಿ, ಸರಾಸರಿಯ ಮೇಲೆ ಮೂರರಲ್ಲಿ ಒಂದು ಪಾಲನ್ನು ಸರ್ಕಾರದ ಭಾಗವೆಂದು ನಿಗದಿಮಾಡಿದನೆಂದು ಮೈಸೂರು ಗೆಜೆಟಿಯರು ತಿಳಿಸುತ್ತದೆ. ಅಡಕೆ ತೋಟಗಳಿಗೆ ಗದ್ದೆಗಿಂತ ಬೇರೆಯಾದ ಅಳತೆಯೂ ದರವೂ ಇದ್ದವು.

ಶಿಸ್ತು ಎಂಬುದು ಅರಸನಿಗೆ ಸಲ್ಲುವ ಕಂದಾಯವೇ ಹೊರತು ಒಡೆಯನಿಗೆ ಒಕ್ಕಲು ಕೊಡುವ ಗೇಣಿಯಲ್ಲ. ಈ ಭೇದವನ್ನು ಮರೆಯುವಂತಿಲ್ಲ. ಆದರೂ ಅದರಲ್ಲಿ ಆಡಳಿತದ ಒಂದು ಪಾಠವಿದೆ. ದರವು ಅಧಿಕಾರಿಯ ಊಹೆಯಿಂದಾಗಲಿ ಕೊಡುವವನ ಗೋಳಿನಿಂದಾಗಲಿ ಹುಟ್ಟದೆ, ಅಳತೆ ಮತ್ತು ಲೆಕ್ಕಗಳಿಂದ ಹುಟ್ಟಿತು. ಅದು ಬಹುಕಾಲ ಜನರ ಬಾಯಲ್ಲಿ ನಿಂತುದಕ್ಕೆ ಇದೇ ಕಾರಣ. ಮುಂದಿನವರು ಯುದ್ಧದ ಒತ್ತಡ ಬಂದಾಗ ಶಿಸ್ತನ್ನು ಮತ್ತೆ ಲೆಕ್ಕಹಾಕುವ ಶ್ರಮವನ್ನು ವಹಿಸಲಿಲ್ಲ. ಅದರ ಮೇಲೆ ಪಗದಿ, ಪಟ್ಟಿ ಮುಂತಾದ ಹೆಚ್ಚುವರಿಗಳನ್ನು ಹೇರಿದರು. ಮೂಲದರವು ಕಾಗದದಲ್ಲಿ ಹಾಗೆಯೇ ನಿಂತು, ಕೊಡುವ ಮೊತ್ತ ಮಾತ್ರ ಬೆಳೆಯಿತು. ಪರಿಷ್ಕರಣೆಗೆ ಕ್ರಮಬದ್ಧವಾದ ದಾರಿಯಿಲ್ಲದಿದ್ದರೆ ಹೆಚ್ಚಳವು ಹಿಂಬಾಗಿಲಿನಿಂದ ಬರುತ್ತದೆ ಎಂಬ ಈ ಸತ್ಯವು ಮೂರು ಶತಮಾನಗಳ ಮೇಲೆ ನಗರದ ಬಾಡಿಗೆಯಲ್ಲಿಯೂ ಕಾಣಿಸಿಕೊಂಡಿತು.

3. ಯುದ್ಧಕಾಲದ ಬಾಡಿಗೆ ಮತ್ತು ಮೈಸೂರಿನ ಶಾಸನಗಳು

ಮನೆ ಬಾಡಿಗೆಯ ಆಧುನಿಕ ನಿಯಂತ್ರಣವು ಯುದ್ಧದ ಶಿಶು. ಮೊದಲನೆಯ ಮಹಾಯುದ್ಧದಲ್ಲಿ ಶಸ್ತ್ರಾಸ್ತ್ರಗಳ ಕಾರ್ಖಾನೆಗಳಿಗೆ ಜನ ಬಂದು ತುಂಬಿದಾಗ ಗ್ಲಾಸ್ಗೋ ನಗರದ ಮನೆಯೊಡೆಯರು ಬಾಡಿಗೆಯನ್ನು ಏರಿಸಿದರು. ಅಲ್ಲಿನ ಗೃಹಿಣಿಯರು ಮುಂದೆ ನಿಂತು ಬಾಡಿಗೆ ಕೊಡಲು ನಿರಾಕರಿಸಿದುದರ ಫಲವಾಗಿ, 1915ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಣ್ಣ ಮನೆಗಳ ಬಾಡಿಗೆಯನ್ನು 1914ರ ಆಗಸ್ಟ್ ತಿಂಗಳಿನ ಮಟ್ಟಕ್ಕೆ ಕಟ್ಟಿಹಾಕಿತು. ಮುಂಬಯಿಯಲ್ಲಿ 1918ರಲ್ಲಿ ಇಂತಹುದೇ ಶಾಸನ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಈ ಪದ್ಧತಿ ಭಾರತದ ದೊಡ್ಡ ನಗರಗಳಿಗೆಲ್ಲ ಹರಡಿತು.

ಬೆಂಗಳೂರಿನ ಒತ್ತಡವನ್ನು ಜನಗಣತಿಯ ಅಂಕೆಗಳೇ ಹೇಳುತ್ತವೆ. 1941ರಲ್ಲಿ ಸುಮಾರು 4 ಲಕ್ಷವಿದ್ದ ನಗರದ ಜನಸಂಖ್ಯೆ 1951ರ ವೇಳೆಗೆ ಸುಮಾರು 7.8 ಲಕ್ಷವಾಯಿತು. ಹತ್ತು ವರ್ಷದಲ್ಲಿ ಜನ ಹೆಚ್ಚುಕಡಿಮೆ ಇಮ್ಮಡಿಯಾದರು. ಸಿಮೆಂಟು ಕಬ್ಬಿಣಗಳಿಗೆ ಕೊರತೆಯಿದ್ದ ಆ ಕಾಲದಲ್ಲಿ ಮನೆಗಳು ಆ ವೇಗದಲ್ಲಿ ಏಳುವುದು ಸಾಧ್ಯವಿರಲಿಲ್ಲ. ಯುದ್ಧಕಾಲದ ಆಜ್ಞೆಗಳ ಹಾದಿಯಲ್ಲಿಯೇ 1951ರ ಮೈಸೂರು ಮನೆಬಾಡಿಗೆ ಮತ್ತು ವಸತಿ ನಿಯಂತ್ರಣ ಶಾಸನವು ಬಂದಿತು. 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಒಂದೇ ರಾಜ್ಯದೊಳಗೆ ಹಲವು ಕಾಯಿದೆಗಳು ನಡೆಯುವ ವಿಚಿತ್ರ ಸ್ಥಿತಿ ಉಂಟಾಯಿತು. ಮುಂಬಯಿ ಕರ್ನಾಟಕದಲ್ಲಿ 1947ರ ಮುಂಬಯಿ ಶಾಸನ, ಹೈದರಾಬಾದು ಕರ್ನಾಟಕದಲ್ಲಿ 1954ರ ಹೈದರಾಬಾದು ಶಾಸನ, ದಕ್ಷಿಣ ಕನ್ನಡದಲ್ಲಿ 1949ರ ಮದರಾಸು ಶಾಸನ ಜಾರಿಯಲ್ಲಿದ್ದವು. ಇವುಗಳನ್ನೆಲ್ಲ ಒಂದುಗೂಡಿಸಿದ 1961ರ ಮೈಸೂರು ಬಾಡಿಗೆ ನಿಯಂತ್ರಣ ಶಾಸನವು ಅದೇ ವರ್ಷ ಡಿಸೆಂಬರ್ 31ರಂದು ಜಾರಿಗೆ ಬಂದಿತು.

4. ಬಾಡಿಗೆ ನಿಯಂತ್ರಣಾಧಿಕಾರಿಯ ಕಚೇರಿ

ಈ ಶಾಸನವು ಆಡಳಿತಾಧಿಕಾರಿಗೂ ನ್ಯಾಯಾಲಯಕ್ಕೂ ಕೆಲಸವನ್ನು ಹಂಚಿಕೊಟ್ಟಿತು. ಮನೆ ಖಾಲಿಯಾದ ಹದಿನೈದು ದಿನಗಳೊಳಗೆ ಮಾಲೀಕನು ಅದನ್ನು ನಿಯಂತ್ರಣಾಧಿಕಾರಿಗೆ ತಿಳಿಸಬೇಕು. ಅಧಿಕಾರಿಯು ಸಾರ್ವಜನಿಕ ಸಂಸ್ಥೆಗಳಿಗೂ ಅಗತ್ಯವುಳ್ಳವರಿಗೂ ಅದನ್ನು ಹಂಚಬಹುದು. ಮಾಲೀಕನಾಗಲಿ ಬಾಡಿಗೆದಾರನಾಗಲಿ ಅರ್ಜಿ ಕೊಟ್ಟರೆ ಅವನು ವಿಚಾರಣೆ ನಡೆಸಿ 'ನ್ಯಾಯವಾದ ಬಾಡಿಗೆ'ಯನ್ನು ಗೊತ್ತುಪಡಿಸಬೇಕು. ಬಾಡಿಗೆಯ ಮೇಲೆ ಪಗಡಿಯ ರೂಪದಲ್ಲಿ ಹಣ ಕೇಳುವುದು ನಿಷಿದ್ಧ. ಬಾಡಿಗೆದಾರನನ್ನು ತೆರವುಗೊಳಿಸುವ ಅಧಿಕಾರ ಮಾತ್ರ ನ್ಯಾಯಾಲಯದ್ದು. ಅದೂ 21ನೆಯ ಕಲಮಿನಲ್ಲಿ ಹೆಸರಿಸಿದ ಕಾರಣಗಳಿಗಾಗಿ ಮಾತ್ರ.

ಆ ಕಾರಣಗಳಲ್ಲಿ ಹೆಚ್ಚು ವ್ಯಾಜ್ಯಕ್ಕೆ ಎಡೆಮಾಡಿದುದು ಮಾಲೀಕನ ಸ್ವಂತ ಅಗತ್ಯ. ಮಾಲೀಕನಿಗೆ ಮನೆಯು ನ್ಯಾಯವಾಗಿಯೂ ಪ್ರಾಮಾಣಿಕವಾಗಿಯೂ ಬೇಕಾಗಿದ್ದರೆ ಸಾಲದು. ತೆರವಿನಿಂದ ಬಾಡಿಗೆದಾರನಿಗಾಗುವ ಕಷ್ಟವು ತೆರವಿಲ್ಲದೆ ಮಾಲೀಕನಿಗಾಗುವ ಕಷ್ಟಕ್ಕಿಂತ ಹೆಚ್ಚಾಗಿದ್ದರೆ ನ್ಯಾಯಾಲಯವು ಆಜ್ಞೆಯನ್ನು ನಿರಾಕರಿಸಬೇಕು. ಎರಡು ಕುಟುಂಬಗಳ ಸಂಕಟವನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕೆಂಬ ಈ ವಿಧಿಯಲ್ಲಿ ಉದಾತ್ತವಾದ ಮಾನವೀಯತೆಯಿದೆ. ಆದರೆ ತೂಗುವುದಕ್ಕೆ ಸಾಕ್ಷಿಗಳು ಬೇಕು, ಸಾಕ್ಷಿಗಳಿಗೆ ಕಾಲ ಬೇಕು, ಕಾಲಕ್ಕೆ ಹಣ ಬೇಕು. ಮುನಸೀಫರ ಅಥವಾ ಲಘುವ್ಯವಹಾರಗಳ ನ್ಯಾಯಾಲಯದಲ್ಲಿ ಆರಂಭವಾದ ಮೊಕದ್ದಮೆ ಉಚ್ಚ ನ್ಯಾಯಾಲಯದ ಪುನರ್ವಿಮರ್ಶೆಯವರೆಗೆ ಹೋಗಬಹುದಾಗಿತ್ತು. ಅಷ್ಟು ಕಾಲ ತಾಳಬಲ್ಲವನೇ ಗೆಲ್ಲುವವನಾದರೆ, ತಕ್ಕಡಿಯು ಎಷ್ಟೇ ಸರಿಯಾಗಿದ್ದರೂ ಫಲವೇನು?

ಇದಕ್ಕಿಂತ ದೊಡ್ಡ ತೊಡಕು ದರದಲ್ಲಿಯೇ ಇತ್ತು. ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳೋಣ. ನಿವೃತ್ತ ಉಪಾಧ್ಯಾಯನೊಬ್ಬನು ತನ್ನ ಉಳಿತಾಯವನ್ನೆಲ್ಲ ಹಾಕಿ ಕಟ್ಟಿಸಿದ ಮನೆಯ ಅರ್ಧಭಾಗವನ್ನು 1950ರಲ್ಲಿ ತಿಂಗಳಿಗೆ 30 ರೂಪಾಯಿಗೆ ಕೊಟ್ಟನೆಂದು ಭಾವಿಸೋಣ. ಅಂದು ಗುಮಾಸ್ತನಾಗಿದ್ದ ಬಾಡಿಗೆದಾರನು ಇಪ್ಪತ್ತು ವರ್ಷಗಳಲ್ಲಿ ದೊಡ್ಡ ಅಧಿಕಾರಿಯಾಗಿರಬಹುದು. ಮಾಲೀಕನ ವಿಧವೆ ಆ 30 ರೂಪಾಯಿಯಲ್ಲಿಯೇ ಮನೆಯ ಸುಣ್ಣಬಣ್ಣ, ಹೆಂಚಿನ ದುರಸ್ತಿ, ಪುರಸಭೆಯ ಕಂದಾಯ ಎಲ್ಲವನ್ನೂ ತೂಗಿಸಬೇಕು. ಬಲಹೀನನನ್ನು ರಕ್ಷಿಸಲು ಹುಟ್ಟಿದ ಶಾಸನವು, ಯಾರು ಬಲಹೀನರೆಂಬುದನ್ನು ಮರುಪರಿಶೀಲಿಸುವ ಕಣ್ಣನ್ನು ಕಳೆದುಕೊಂಡರೆ ಹೀಗಾಗುತ್ತದೆ. ದುರಸ್ತಿಯಿಲ್ಲದ ಮನೆ ಜೀರ್ಣವಾಗುತ್ತದೆ. ಖಾಲಿಯಾದ ಮನೆಯನ್ನು ಕೊಡಲು ಮಾಲೀಕನು ಅಂಜುತ್ತಾನೆ. ಹೊಸದಾಗಿ ಊರಿಗೆ ಬರುವ ವಿದ್ಯಾರ್ಥಿಗೂ ಕೂಲಿಯವನಿಗೂ ಮನೆ ಸಿಕ್ಕದೆ ಹೋಗುತ್ತದೆ. ಕಾನೂನು ನಿಷೇಧಿಸಿದ ಪಗಡಿಯು ಕತ್ತಲೆಯಲ್ಲಿ ಕೈ ಬದಲಾಯಿಸುತ್ತದೆ. ಮುಂದೆ ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬೇರೂರಿದುದನ್ನು ಗಮನಿಸಿದರೆ, ಮಲೆನಾಡಿನ ಹಳೆಯ ಪಗದಿ ಪಟ್ಟಿಗಳ ನೆನಪಾಗದೆ ಇರದು.

5. ಮೂರು ತಾಲ್ಲೂಕುಗಳ ಗೇಣಿ

ಇದೇ ಕಾಲದಲ್ಲಿ ಮಲೆನಾಡಿನ ಗೇಣಿಯ ನಿಯಂತ್ರಣವು ಬೇರೊಂದು ದಾರಿಯಲ್ಲಿ ಸಾಗಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಅಡಕೆ ಬತ್ತಗಳ ನಾಡು. ಎತ್ತರದ ಮಲೆಗಳಲ್ಲಿ ಕಾಫಿ, ಏಲಕ್ಕಿ, ಮೆಣಸು. ಹೀಗೆ ಭೂಮಿಯ ಗುಣವು ಒಂದೇ ತೆರನಾಗಿದ್ದರೂ ಭೂಮಿಯ ಒಡೆತನದ ಚರಿತ್ರೆ ಒಂದೊಂದು ಕಡೆ ಒಂದೊಂದು ಬಗೆ. ಶೃಂಗೇರಿಯ ಸುತ್ತಣ ಪ್ರದೇಶವು 1346ರ ವಿಜಯನಗರದ ದತ್ತಿಯಿಂದ ಮೊದಲುಗೊಂಡು ಮಠಕ್ಕೆ ಸೇರಿ, ಮೈಸೂರು ಸಂಸ್ಥಾನದಲ್ಲಿ ಕೊಪ್ಪ ತಾಲ್ಲೂಕಿನೊಳಗಿನ ಜಹಗೀರಾಗಿತ್ತು. ನರಸಿಂಹರಾಜಪುರವು ಹಿಂದೆ ಎಡೇಹಳ್ಳಿಯೆಂಬ ಹೆಸರಿನ ಊರು. 1915ರಲ್ಲಿ ತರೀಕೆರೆಯಿಂದ ಅಲ್ಲಿಗೆ ಟ್ರಾಮ್ ರೈಲು ಬಂದ ವರ್ಷವೇ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಬಂದಿತು. ಮುಂದೆ ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿದಾಗ ಈ ತಾಲ್ಲೂಕಿನ ಭೂಮಿ ಹಿನ್ನೀರಿಗೆ ಸಿಕ್ಕಿತು. ಮುಳುಗಿದ ಭೂಮಿಗೆ ಪರಿಹಾರವನ್ನು ಲೆಕ್ಕಹಾಕುವಾಗ ಖಾತೆಯಲ್ಲಿ ಹೆಸರಿದ್ದವನ ಮಾತು ಮೊದಲು ನಡೆಯುವುದು ಸಹಜ. ಬಾಯಿಮಾತಿನ ಗೇಣಿಯ ಮೇಲೆ ಉಳುತ್ತಿದ್ದವನಿಗೆ ತೋರಿಸಲು ಏನಿರುತ್ತದೆ?

ಗೇಣಿಯಲ್ಲಿ ಎರಡು ಮುಖ್ಯ ಪ್ರಭೇದಗಳಿದ್ದವು. ಮೂಲಗೇಣಿದಾರನು ವಂಶಪಾರಂಪರ್ಯವಾಗಿ, ಬದಲಾಗದ ಗೇಣಿಗೆ ಭೂಮಿಯನ್ನು ಅನುಭವಿಸುವವನು. ಚಾಲಗೇಣಿದಾರನಾದರೋ ಒಡೆಯನ ಇಚ್ಛೆಯಿರುವವರೆಗೆ ಮಾತ್ರ ಉಳುವವನು. ಗೇಣಿಯು ಬಹುಮಟ್ಟಿಗೆ ಧಾನ್ಯರೂಪದ್ದಾದುದರಿಂದ ಅಳತೆಯ ಪಾತ್ರೆಯೇ ವಿವಾದಕ್ಕೆ ಮೂಲವಾಗುತ್ತಿತ್ತು. ನೆರೆಯ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಿನಲ್ಲಿ ಆರಂಭವಾದ ಪ್ರಸಿದ್ಧ ರೈತ ಸತ್ಯಾಗ್ರಹಕ್ಕೆ ಒಂದು ಕಾರಣ ಗೇಣಿಯನ್ನು ಅಳೆಯುವ ಕೊಳಗದ ಗಾತ್ರ. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮೊದಲಾದವರು ಮುನ್ನಡೆಸಿದ ಆ ಚಳವಳಿಯಲ್ಲಿ ರಾಮಮನೋಹರ ಲೋಹಿಯಾ ಅವರೂ ಬಂಧನಕ್ಕೊಳಗಾದರು. ಇಷ್ಟು ಕೊಳಗ ಕೊಡತಕ್ಕದ್ದೆಂದು ನಿಗದಿಯಾಗಿದ್ದರೂ ಕೊಳಗ ಎಷ್ಟು ದೊಡ್ಡದೆಂಬುದು ಒಡೆಯನ ಕಣಜದಲ್ಲಿ ತೀರ್ಮಾನವಾಗುವುದಾದರೆ ನಿಗದಿಗೆ ಅರ್ಥವಿಲ್ಲ. ದರವನ್ನು ನಿಯಂತ್ರಿಸುವವರು ಮೊದಲು ಅಳತೆಯನ್ನು ನಿಯಂತ್ರಿಸಬೇಕು. ಶಿವಪ್ಪನಾಯಕನಿಗೆ ತಿಳಿದಿದ್ದ ಈ ತತ್ತ್ವಕ್ಕಾಗಿ ಇಪ್ಪತ್ತನೆಯ ಶತಮಾನದ ಒಕ್ಕಲುಗಳು ಸೆರೆಮನೆಗೆ ಹೋಗಬೇಕಾಯಿತು.

ಸರ್ಕಾರದ ಕ್ರಮಗಳು ಒಂದೊಂದಾಗಿ ಬಂದವು. ಕೊಪ್ಪಕ್ಕೆ ನೆರೆಯಾದ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರು ಕಂದಾಯಮಂತ್ರಿಗಳಾಗಿ ಈ ಕಾರ್ಯದಲ್ಲಿ ಮುಖ್ಯಪಾತ್ರ ವಹಿಸಿದರು. 1952ರಲ್ಲಿ ಮೈಸೂರು ಗೇಣಿ ಶಾಸನ, 1954ರಲ್ಲಿ ವೈಯಕ್ತಿಕ ಮತ್ತು ಇತರ ಇನಾಮುಗಳ ರದ್ಧತಿ, 1955ರಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳ ರದ್ಧತಿ. ಇನಾಮು ಶಾಸನಗಳು ಒಕ್ಕಲುಗಳನ್ನು ಕದೀಮ್ ಗೇಣಿದಾರ, ಕಾಯಂ ಗೇಣಿದಾರ, ಅರೆಕಾಯಂ ಗೇಣಿದಾರ ಎಂದು ವಿಂಗಡಿಸಿ, ಅವರವರ ವರ್ಗಕ್ಕೆ ತಕ್ಕ ಹಕ್ಕನ್ನು ಕೊಟ್ಟವು. ಯಾರು ಯಾವ ವರ್ಗಕ್ಕೆ ಸೇರಿದವರೆಂಬುದನ್ನು ನಿರ್ಣಯಿಸಲು ಇನಾಮು ರದ್ಧತಿಯ ಡೆಪ್ಯುಟಿ ಕಮಿಷನರರನ್ನು ನೇಮಿಸಲಾಯಿತು. ಹಕ್ಕು ಕೊಡುವುದು ಶಾಸನ. ಆದರೆ ಹಕ್ಕಿನ ಗಾತ್ರವನ್ನು ಅಳೆಯುವುದು ವಿಚಾರಣೆ. ವಿಚಾರಣೆಗೆ ಆಧಾರ ದಾಖಲೆ.

ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ 1957ರಲ್ಲಿ ನೇಮಕವಾದ ಸಮಿತಿಯ ವರದಿಯ ಆಧಾರದ ಮೇಲೆ ರಚಿತವಾದ 1961ರ ಭೂಸುಧಾರಣಾ ಶಾಸನವು 1965ರ ಅಕ್ಟೋಬರ್ 2ರಂದು ಜಾರಿಗೆ ಬಂದು, ನೀರಿನ ಅನುಕೂಲವುಳ್ಳ ಭೂಮಿಗೆ ಉತ್ಪನ್ನದ ನಾಲ್ಕರಲ್ಲಿ ಒಂದು ಪಾಲು, ಇತರ ಭೂಮಿಗೆ ಐದರಲ್ಲಿ ಒಂದು ಪಾಲು ಗೇಣಿಯ ಪರಮಾವಧಿಯೆಂದು ವಿಧಿಸಿತು. ನಗರದ 'ನ್ಯಾಯವಾದ ಬಾಡಿಗೆ'ಗೆ ಹಳ್ಳಿಯಲ್ಲಿ ಸರಿಸಮನಾದುದು ಇದೇ. ಆದರೆ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಬಾಡಿಗೆಯು ರೂಪಾಯಿಯ ಲೆಕ್ಕದಲ್ಲಿ ಕಟ್ಟಿಹಾಕಲ್ಪಟ್ಟಿತು. ಗೇಣಿಯು ಉತ್ಪನ್ನದ ಪಾಲಾಗಿ ನಿಗದಿಯಾಯಿತು. ರೂಪಾಯಿಯ ಬೆಲೆ ಇಳಿದಂತೆ ಬಾಡಿಗೆ ತಾನಾಗಿಯೇ ಕುಗ್ಗಿತು. ಬತ್ತದ ಬೆಲೆ ಏರಿದರೆ ಗೇಣಿಯ ಬೆಲೆಯೂ ಏರುತ್ತದೆ, ಫಸಲು ಕೆಟ್ಟ ವರ್ಷ ಪಾಲೂ ಇಳಿಯುತ್ತದೆ. ಆದುದರಿಂದ ಗೇಣಿಯ ನಿಯಮದೊಳಗೆ ಪರಿಷ್ಕರಣೆಯು ಸ್ವಾಭಾವಿಕವಾಗಿಯೇ ಅಡಗಿತ್ತು. ಅದಕ್ಕೆ ಇಲ್ಲದಿದ್ದುದು ದಾಖಲೆ. ಬಾಯಿಮಾತಿನ ಗೇಣಿಗೆ ಚೀಟಿಯಿಲ್ಲ, ಕೊಟ್ಟ ಬತ್ತಕ್ಕೆ ರಸೀದಿಯಿಲ್ಲ; ಕಾನೂನಿನ ಪಾಲಿಗಿಂತ ಹೆಚ್ಚು ಕೊಡುತ್ತಿದ್ದವನು ದೂರಿದರೆ ಮುಂದಿನ ಮಳೆಗಾಲಕ್ಕೆ ಗದ್ದೆಯೇ ಇಲ್ಲ.

6. 1974ರ ತಿರುವು ಮತ್ತು ನ್ಯಾಯಮಂಡಳಿಗಳು

ಈ ಅನುಭವದ ಫಲವಾಗಿಯೇ ಡಿ. ದೇವರಾಜ ಅರಸರ ಸರ್ಕಾರವು ಗೇಣಿಯನ್ನು ನಿಯಂತ್ರಿಸುವ ಪ್ರಯತ್ನವನ್ನು ಬಿಟ್ಟು ಗೇಣಿಯ ಸಂಬಂಧವನ್ನೇ ಕೊನೆಗಾಣಿಸಲು ಹೊರಟಿತು. ತಿದ್ದುಪಡಿಯಾದ ಶಾಸನದ ಮೇರೆಗೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಗಳು ಸರ್ಕಾರದಲ್ಲಿ ನಿಹಿತವಾದವು. ಉಳುತ್ತಿದ್ದವನು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕನ್ನು ಪಡೆಯಬಹುದಾಯಿತು. ವಿಚಾರಣೆಗೆ ತಾಲ್ಲೂಕು ತಾಲ್ಲೂಕಿಗೂ ಭೂನ್ಯಾಯಮಂಡಳಿ. ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷ, ಸರ್ಕಾರದಿಂದ ನೇಮಕವಾದ ನಾಲ್ವರು ಸದಸ್ಯರು. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ, ಮೇಲ್ಮನವಿಯೂ ಇರಲಿಲ್ಲ. ಅತೃಪ್ತನಾದವನು ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿಯನ್ನೇ ಹಾಕಬೇಕಾಗಿತ್ತು. 1974ರ ಡಿಸೆಂಬರಿಗೆ ಮುಗಿಯಬೇಕಾಗಿದ್ದ ಅರ್ಜಿಯ ಅವಧಿ ಮುಂದುವರಿಯುತ್ತ 1979ರ ಜೂನ್ 30ರವರೆಗೆ ಬಂದಿತು. ರಾಜ್ಯದಲ್ಲಿ ಒಟ್ಟು ಸುಮಾರು ಎಂಟು ಲಕ್ಷ ಅರ್ಜಿಗಳು ಸಲ್ಲಿಕೆಯಾದವು.

ನಗರದ ಬಾಡಿಗೆಯ ನ್ಯಾಯಾಲಯದೊಡನೆ ಇದನ್ನು ಹೋಲಿಸಬೇಕು. ಮಂಡಳಿಯು ಕೊಪ್ಪದ ಒಕ್ಕಲಿಗೆ ಕೊಪ್ಪದಲ್ಲಿಯೇ ದೊರೆಯಿತು. ಅವನಾಡುವ ಭಾಷೆಯಲ್ಲಿಯೇ ವಿಚಾರಣೆ ನಡೆಯಿತು. ಗದ್ದೆಯ ಗಡಿಯನ್ನೂ ಉತ್ತವರನ್ನೂ ಬಲ್ಲ ನೆರೆಹೊರೆಯವರೇ ಸಾಕ್ಷಿಗಳಾಗಬಹುದಾಗಿತ್ತು. ನ್ಯಾಯಸ್ಥಾನವು ಎಟುಕಿದಾಗ ಶಾಸನಕ್ಕೆ ಕೈಕಾಲು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮ್ಮ ರಾಜ್ಯದ ಚರಿತ್ರೆಯಲ್ಲಿ ವಿರಳ. ಆದರೆ ಸಾಮೀಪ್ಯಕ್ಕೂ ಒಂದು ಬೆಲೆಯುಂಟು. ನೇಮಕವಾದ ಸದಸ್ಯರು ಊರಿನ ಪಕ್ಷ ಪ್ರತಿಪಕ್ಷಗಳಿಂದ ಹೊರತಾದವರೆಂದು ಹೇಳುವಂತಿಲ್ಲ. ಕಾರಣಗಳನ್ನು ಸರಿಯಾಗಿ ದಾಖಲಿಸದ ಆಜ್ಞೆಗಳು ಉಚ್ಚ ನ್ಯಾಯಾಲಯದಿಂದ ಮರುವಿಚಾರಣೆಗೆ ಹಿಂದಿರುಗುತ್ತಿದ್ದವು. 1986ರಲ್ಲಿ ಸ್ಥಾಪಿಸಿದ ಮೇಲ್ಮನವಿ ಪ್ರಾಧಿಕಾರಗಳು 1990ರಲ್ಲಿ ರದ್ದಾದವು.

ಇಲ್ಲಿಯೂ ಕೊನೆಗೆ ನಿರ್ಣಾಯಕವಾದುದು ಕಾಗದ. 1964ರ ಭೂಕಂದಾಯ ಶಾಸನದ 133ನೆಯ ಕಲಮಿನ ಪ್ರಕಾರ ಪಹಣಿಯಲ್ಲಿನ ದಾಖಲೆಯನ್ನು, ತಪ್ಪೆಂದು ಸಿದ್ಧವಾಗುವವರೆಗೆ, ಸತ್ಯವೆಂದೇ ಭಾವಿಸಬೇಕು. ಸಾಗುವಳಿದಾರನ ಕಲಮಿನಲ್ಲಿ ಗೇಣಿದಾರನ ಹೆಸರಿದ್ದರೆ ಅವನು ಅರ್ಧ ಗೆದ್ದಂತೆ; ಒಡೆಯನ ಹೆಸರೇ ಇದ್ದರೆ ನೆರೆಯವರ ಬಾಯಿಯೇ ಅವನಿಗೆ ಗತಿ. ಎಷ್ಟೋ ವರ್ಷಗಳ ಹಿಂದೆ ಶ್ಯಾನುಭೋಗನು ಬರೆದ ಒಂದು ಹೆಸರು ಒಂದು ಮನೆತನದ ಭವಿಷ್ಯವನ್ನು ನಿರ್ಣಯಿಸಿತು. ಎರಡೆಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯೂ ನೂರಾರು ಎಕರೆಯ ಒಡೆಯನೂ ಈ ಶಾಸನದ ಮುಂದೆ ಬಹುಮಟ್ಟಿಗೆ ಒಂದೇ ಆದರೆಂಬುದನ್ನೂ ನಿಷ್ಪಕ್ಷಪಾತಿಯಾದ ಇತಿಹಾಸಕಾರನು ಮರೆಮಾಚಲಾಗದು. ಇನ್ನೊಂದು ಕಡೆ ಕಾಫಿ, ಏಲಕ್ಕಿ, ಮೆಣಸು, ರಬ್ಬರು, ಚಹಾ ತೋಟಗಳು ಶಾಸನದ ಹೊರಗುಳಿದವು. ಅದೇ ಬೆಟ್ಟದ ಅಡಕೆಯ ತೋಟಕ್ಕೆ ಒಂದು ನ್ಯಾಯ, ಕಾಫಿಯ ತೋಟಕ್ಕೆ ಇನ್ನೊಂದು ನ್ಯಾಯವಾಯಿತು. ಕಾಫಿ ತೋಟದ ಲೈನುಮನೆಗಳಲ್ಲಿ ವಾಸಿಸುವ ಕೂಲಿಯವನಿಗೆ ಗೇಣಿಯ ಶಾಸನವೂ ಬಾಡಿಗೆಯ ಶಾಸನವೂ ಅನ್ವಯಿಸುವಂತಿರಲಿಲ್ಲ. 1951ರ ತೋಟಕಾರ್ಮಿಕರ ಶಾಸನದಂತೆ ಮಾಲೀಕನೇ ವಸತಿ ಒದಗಿಸಬೇಕಾಗಿತ್ತು. ಕೆಲಸ ಹೋದರೆ ವಸತಿಯೂ ಹೋಗುತ್ತದೆ.

7. ಕಟ್ಟಿಹಾಕುವುದೂ ಸ್ಥಿರಗೊಳಿಸುವುದೂ

ಗೇಣಿಯು ಹೀಗೆ ಅಂತ್ಯಗೊಂಡರೆ, ಬಾಡಿಗೆಯು ನ್ಯಾಯಾಲಯಗಳ ಮಾರ್ಗವಾಗಿ ಬದಲಾವಣೆಯತ್ತ ಸರಿಯಿತು. 1986ರಲ್ಲಿ ರತನ್ ಆರ್ಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಶಾಸನದ ಒಂದು ವಿಧಿಯನ್ನು ಅಸಿಂಧುಗೊಳಿಸಿತು. ತಿಂಗಳಿಗೆ 400 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗಳಿಗೆ ರಕ್ಷಣೆಯಿಲ್ಲವೆಂಬ ಆ ಮಿತಿಯು ಕಾಲಗತಿಯಲ್ಲಿ ಅರ್ಥಹೀನವಾಗಿತ್ತೆಂಬುದು ಒಂದು ಕಾರಣ. 1997ರ ಡಿಸೆಂಬರಿನಲ್ಲಿ ಮಲ್ಪೆ ವಿಶ್ವನಾಥ ಆಚಾರ್ಯ ಮೊಕದ್ದಮೆಯಲ್ಲಿ, 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿದ ಮುಂಬಯಿಯ ಬಾಡಿಗೆಯು ಅಸಮಂಜಸವಾಗಿದೆಯೆಂದು ಅದೇ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಮೊದಲನೆಯ ತೀರ್ಪು ಬಾಡಿಗೆದಾರನ ಪರ, ಎರಡನೆಯದು ಮಾಲೀಕನ ಪರ. ಎರಡರ ಹಿಂದಿನ ನ್ಯಾಯ ಒಂದೇ. ಹುಟ್ಟಿದಾಗ ನ್ಯಾಯವಾಗಿದ್ದ ಅಂಕೆಯು ಮುಟ್ಟದೆ ಬಿಟ್ಟರೆ ಅನ್ಯಾಯವಾಗಬಲ್ಲುದು.

ಇಲ್ಲಿ ನ್ಯೂಯಾರ್ಕ್ ನಗರದ ಅನುಭವವನ್ನು ನೆನೆಯುವುದು ಉಪಯುಕ್ತ. ಅಲ್ಲಿಯೂ 1943ರಲ್ಲಿ ಯುದ್ಧಕಾಲದ ಕಟ್ಟು ಬಂದಿತು. ಆದರೆ 1969ರಲ್ಲಿ ನಗರವು ಬಾಡಿಗೆ ಸ್ಥಿರೀಕರಣದ ಬೇರೊಂದು ಶಾಸನವನ್ನು ಮಾಡಿತು. ಸಾರ್ವಜನಿಕರ ಪರವಾಗಿ ಐವರು, ಮಾಲೀಕರ ಪರ ಇಬ್ಬರು, ಬಾಡಿಗೆದಾರರ ಪರ ಇಬ್ಬರು, ಹೀಗೆ ಮೇಯರು ನೇಮಿಸಿದ ಒಂಬತ್ತು ಮಂದಿಯ ಮಂಡಳಿಯು ಪ್ರತಿವರ್ಷವೂ ವೆಚ್ಚಗಳನ್ನು ವಿಚಾರಿಸಿ, ಬಹಿರಂಗ ಸಭೆ ನಡೆಸಿ, ಬಾಡಿಗೆಯು ಎಷ್ಟು ಏರಬಹುದೆಂದು ಗೊತ್ತುಪಡಿಸುತ್ತದೆ. 1984ರಿಂದ ಮಾಲೀಕರು ಒಂದೊಂದು ಮನೆಯ ಬಾಡಿಗೆಯನ್ನೂ ವರ್ಷವರ್ಷವೂ ರಾಜ್ಯದ ಕಚೇರಿಯಲ್ಲಿ ನೋಂದಾಯಿಸಬೇಕಾಯಿತು. ಅಲ್ಲಿಯೂ ವಾದವಿವಾದಗಳು ಮುಗಿದಿಲ್ಲ. ಆದರೂ ಕಟ್ಟಿಹಾಕುವುದಕ್ಕೂ ಸ್ಥಿರಗೊಳಿಸುವುದಕ್ಕೂ ಇರುವ ಅಂತರವು ಇದರಿಂದ ಸ್ಪಷ್ಟವಾಗುತ್ತದೆ. ಮೊದಲನೆಯದಕ್ಕೆ ಒಂದು ಆಜ್ಞೆ ಸಾಕು. ಎರಡನೆಯದಕ್ಕೆ ಪ್ರತಿವರ್ಷ ಕೆಲಸಮಾಡುವ ಕಚೇರಿ ಬೇಕು.

ಕರ್ನಾಟಕದಲ್ಲಿ 1961ರ ಶಾಸನವು ನಲವತ್ತು ವರ್ಷಗಳ ಕಾಲ ನಡೆದು, 2001ರ ಡಿಸೆಂಬರ್ 31ರಂದು ಅದರ ಸ್ಥಾನಕ್ಕೆ 1999ರ ಕರ್ನಾಟಕ ಬಾಡಿಗೆ ಶಾಸನವು ಬಂದಿತು. ಇದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೂ ಇತರ ಕಡೆ 2,000 ರೂಪಾಯಿಗೂ ಮೀರಿದ ಬಾಡಿಗೆಯ ಕಟ್ಟಡಗಳನ್ನು ಹೊರಗಿಟ್ಟಿತು; ವಾಣಿಜ್ಯದ ಕಟ್ಟಡಗಳಲ್ಲಿ 14 ಚದರ ಮೀಟರಿಗಿಂತ ದೊಡ್ಡವನ್ನೂ ಹೊರಗಿಟ್ಟಿತು. ರೂಪಾಯಿಯ ಅಂಕೆಯಲ್ಲಿ ಬರೆದ ಈ ಮಿತಿಗೆ ರತನ್ ಆರ್ಯ ತೀರ್ಪಿನ ಪಾಠವೇ ಅನ್ವಯಿಸುತ್ತದೆ. ಬೆಂಗಳೂರಿನ ಬಾಡಿಗೆಗಳು ಬಹುಬೇಗ ಅದನ್ನು ದಾಟಿಹೋದುದರಿಂದ ಶಾಸನವು ಕೆಲವರಿಗೆ ಮಾತ್ರ ಅನ್ವಯಿಸುವಂತಾಯಿತು. ಅದರ 43ನೆಯ ಕಲಮು ಇನ್ನೊಂದು ದೃಷ್ಟಿಯಿಂದ ಗಮನಾರ್ಹ. ಬಾಡಿಗೆಯ ಸಂಬಂಧವೇ ಇಲ್ಲವೆಂದು ಎದುರುಪಕ್ಷದವನು ವಾದಿಸಿದಾಗ ಬರಹದ ಕರಾರು ಅಥವಾ ಬಾಡಿಗೆಯ ರಸೀದಿಯಿದ್ದರೆ ವಿಚಾರಣೆ ಮುಂದುವರಿಯುತ್ತದೆ; ಎರಡೂ ಇಲ್ಲದಿದ್ದರೆ ಕಕ್ಷಿಗಳು ಸಾಮಾನ್ಯ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಮಲೆನಾಡಿನ ಚಾಲಗೇಣಿದಾರನಿಗೆ ಇಲ್ಲದಿದ್ದ ಚೀಟಿಯೇ ಬೆಂಗಳೂರಿನ ಬಾಡಿಗೆದಾರನ ಹಣೆಬರಹವನ್ನೂ ಬರೆಯಿತು.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಅಂಶಗಳನ್ನು ಸಂಗ್ರಹಿಸಿ ಹೇಳಬಹುದು. ಶಿವಪ್ಪನಾಯಕನ ಶಿಸ್ತಿಗೆ ಅಳತೆಯಿತ್ತು, ಲೆಕ್ಕವಿತ್ತು. ಮುಂದಿನ ಪರಿಷ್ಕರಣೆಗೆ ಕ್ರಮವಿರಲಿಲ್ಲ. 1961ರ ಬಾಡಿಗೆ ಶಾಸನಕ್ಕೆ ಅಧಿಕಾರಿಯೂ ನ್ಯಾಯಾಲಯವೂ ಇದ್ದವು. ದರವು ಕಾಲದೊಡನೆ ನಡೆಯಲಿಲ್ಲ, ನ್ಯಾಯವು ಬಡವನ ಕೈಗೆ ಬೇಗ ಎಟುಕಲಿಲ್ಲ. 1965ರ ಗೇಣಿಯ ಮಿತಿಯು ಫಸಲಿನೊಡನೆ ಏರಿಳಿಯುವಂತಿತ್ತು. ದಾಖಲೆಯಿಲ್ಲದೆ ಅದು ಕಾಗದದಲ್ಲಿಯೇ ಉಳಿಯಿತು. 1974ರ ಮಂಡಳಿಯು ನ್ಯಾಯವನ್ನು ತಾಲ್ಲೂಕಿಗೆ ತಂದಿತು. ಅದೂ ಹಳೆಯ ದಾಖಲೆಯ ಗುಣದೋಷಗಳನ್ನು ಹೊತ್ತೇ ಕೆಲಸಮಾಡಿತು. ಮೂರರಲ್ಲಿ ಯಾವುದೊಂದು ತಪ್ಪಿದರೂ ಉಳಿದ ಎರಡು ಕುಂಟುತ್ತವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಇಂದು ಪಟ್ಟಣ ಪಂಚಾಯಿತಿಗಳಿರುವ ಊರುಗಳು. ಗೇಣಿಯ ಕಾಲ ಅಲ್ಲಿ ಮುಗಿದಿದೆ. ಓದಲು ಬಂದ ವಿದ್ಯಾರ್ಥಿ, ವರ್ಗವಾಗಿ ಬಂದ ನೌಕರ, ಬಸ್ ನಿಲ್ದಾಣದ ಬಳಿ ಸಣ್ಣ ಅಂಗಡಿಯಿಟ್ಟವನು, ಇವರೆಲ್ಲ ಬಾಡಿಗೆಯ ಕಾಲದಲ್ಲಿದ್ದಾರೆ. ಅಜ್ಜನು ಗೇಣಿಯ ರಸೀದಿಯಿಲ್ಲದೆ ಮಂಡಳಿಯ ಮುಂದೆ ಕೈಕಟ್ಟಿ ನಿಂತ ಮನೆತನದ ಮೊಮ್ಮಗನು ನಗರದಲ್ಲಿ ರಸೀದಿಯಿಲ್ಲದೆ ಬಾಡಿಗೆ ಕೊಡುತ್ತಿರುವುದು ಅಪರೂಪವೇನಲ್ಲ. ಇತಿಹಾಸದ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಉಳಿದಿರುವ ಗೇಣಿಚೀಟಿ, ಪಹಣಿ, ಬಾಡಿಗೆ ಕರಾರು, ಪುರಸಭೆಯ ಕಂದಾಯದ ಪುಸ್ತಕ ಇವುಗಳನ್ನು ಶಿಲಾಶಾಸನಗಳಷ್ಟೇ ಶ್ರದ್ಧೆಯಿಂದ ಪರಿಶೀಲಿಸಬೇಕು. ಅರಸರ ದಾನವನ್ನು ಕಲ್ಲು ಹೇಳುತ್ತದೆ. ಆ ದಾನದ ಭೂಮಿಯನ್ನು ಉತ್ತವನು ಯಾರು, ಏನು ಕೊಟ್ಟನು, ಎಷ್ಟು ಕಾಲ ನಿಂತನು ಎಂಬುದನ್ನು ಹೇಳಬಲ್ಲವು ಈ ಹರಿದ ಕಾಗದಗಳು ಮಾತ್ರ.